ಹರಕೆಯಿಲ್ಲದ ಬೂಟು

ತರೀಕೆರೆ ಬಸ್ ಸ್ಟ್ಯಾಂಡಿನಲ್ಲಿ ಕಡೂರು ಬಸ್ಸಿಗೆ ಕಾಯುತ್ತ ತೂಕಡಿಸುತ್ತಿದ್ದೆ. ಅದೇ ಬೆಂಚಿನಲ್ಲಿ ಅತ್ತೆ, ಸೊಸೆ ಕೂತಿದ್ದರು. ಅತ್ತೆಯ ಸೀರೆಯಂಚಿನ ಕೆಳಗೆ ಹೊಚ್ಚ ಹೊಸ ಬೂಟುಗಳು.

"ಬೆಟ್ಟ ಹತ್ತೋಕೆ ಚಪ್ಲಿನೇ ಸಾಕಿತ್ತಲ್ಲ ಅತ್ತೆ?"

"ಚಪ್ಲಿ ಜಾರುತ್ತೆ ಕಣೇ ಭುವನಾ. ಇದರ ಅಟ್ಟೆ ನೋಡು, ಹೆಂಗೆ ಹಲ್ಲು ಹಲ್ಲಾಗೈತೆ."

"ದೊಡ್ಡದಾಯ್ತೇನೋ. ಮುಂದೆ ಜಾಗ ಉಳ್ದೈತೆ."

"ಉಳೀಬೇಕು. ಇಳಿಯುವಾಗ ಬೆರಳು ಮುಂದಕ್ಕೆ ಬತ್ತವೆ."

"ಇಷ್ಟು ವರ್ಷ ಅಮ್ಮನ ಬೆಟ್ಟನ ಬರಿಗಾಲಲ್ಲೇ ಹತ್ತಿದ್ರಿ."

"ಅದೆಲ್ಲ ಹರಕೆಗೆ. ನಿಮ್ಮಾವ ಆಸ್ಪತ್ರೆ ಸೇರಿದಾಗ ಒಂದ್ಸಲ. ನಿನ್ನ ಹೆರಿಗೆಗೆ ಒಂದ್ಸಲ."

"ಈ ಸಲ ಯಾರಿಗೆ?"

"ಯಾರಿಗೂ ಇಲ್ಲ. ಸುಮ್ನೆ ಹೋಗ್ತೀನಿ."

ಸೊಸೆ ಮತ್ತೆ ಬೂಟಿನ ಕಡೆ ನೋಡಿದಳು.

"ಬೂಟು ಹಾಕ್ಕಂಡು ಹೋದ್ರೆ ಊರೋರು ಏನಂತಾರೆ?"

"ಗುಡಿ ಮುಂದೆ ಬಿಚ್ಚಿಡ್ತೀನಿ ಬಿಡು. ಬರಿಗಾಲಲ್ಲಿ ಮುಳ್ಳು ಅಂತ, ಕಲ್ಲು ಅಂತ ಬರೀ ನೆಲ ನೋಡ್ಕಂಡೇ ಹತ್ತಿದೆ. ಅಲ್ಲಿ ಮೋಡ ಪಕ್ಕದಾಗೇ ಹೋಯ್ತಾವಂತೆ."

"ನೀವು ನೋಡೇ ಇಲ್ವಾ?"

"ಕೆನ್ನೆ ತಣ್ಣಗಾಗೋದು. ಏನೋ ಹೋಯ್ತು ಅನ್ಕಳ್ತಿದ್ದೆ."

ಲಕ್ಕವಳ್ಳಿ ಬಸ್ಸು ಬಂತು. ಇಬ್ಬರೂ ಎದ್ದರು. ಬಸ್ಸಿನ ತಲೆಯ ಮೇಲೆ, ದೂರದಲ್ಲಿ, ಬೆಟ್ಟದ ಸಾಲು ನೀಲಿಯಾಗಿ ಮಲಗಿತ್ತು. ಅತ್ತೆ ಅದನ್ನೇ ನೋಡುತ್ತ ಬಾಗಿಲ ಹತ್ತಿರ ಹೋದರು.

"ಅತ್ತೇ, ಮೆಟ್ಲು ಐತೆ. ಕೆಳಗೆ ನೋಡ್ಕಂಡು ಹತ್ತಿ."

"ಕೆಳಗಿಂದು ನೀನು ನೋಡ್ಕಳೇ," ಎಂದ ಅತ್ತೆ, ಮುಖ ತಗ್ಗಿಸದೆ ಕಾಲೆತ್ತಿಟ್ಟರು.