ಕಳ್ಳಿಗೆ ಕಳ್ಳಿಯ ಬೇಲಿ

ಎಂಬತ್ತಮೂರರ ಬೇಸಿಗೆ. ರಾಯಚೂರಿನಿಂದ ದೇವದುರ್ಗಕ್ಕೆ ಹೊರಟ ಬಸ್ಸಿನಲ್ಲಿ ಸುಲೋಚನಾ ತಲೆ ತಗ್ಗಿಸಿ ಕೂತಿದ್ದಳು. ಮುಂದಿನ ಸೀಟಿನಲ್ಲಿ ಮುದುಕ ಗಂಡ ಹೆಂಡತಿ. ಅವರ ನಡುವೆ ಪಾಪಾಸುಕಳ್ಳಿಯ ದಪ್ಪ ಎಲೆ ತುಂಬಿದ ಚೀಲ.

“ಲೇ ಶೇಖಮ್ಮ, ಕಳ್ಳಿ ತರಾಕ ರಾಯಚೂರಿಗೆ ಬರಬೇಕಿತ್ತೇನು? ನಮ್ಮ ಬೇಲಿ ತುಂಬ ಅದೇ ಅದ.”

“ಇದಕ್ಕ ಮುಳ್ಳಿಲ್ಲ. ಹಚ್ಚಿ ಬೆಳಸಿದ್ರ ಬೆಂಕ್ಯಾಗ ಮುಳ್ಳು ಸುಡೂದು ಬ್ಯಾಡ, ಕೊಯ್ದು ನಮ್ಮ ಗೌರಿ ಎಮ್ಮಿಗೆ ಹಾಕೂದು ಅಷ್ಟ.”

“ಮುಳ್ಳಿಲ್ಲಂದ್ರ ಊರ ಆಡೆಲ್ಲ ಮೇದು ಹೋಗ್ತಾವ.”

“ಸುತ್ತ ನಿನ್ನ ಮುಳ್ಳುಗಳ್ಳಿ ಹಚ್ಚು.”

“ಕಳ್ಳಿಗೆ ಕಳ್ಳಿ ಬೇಲಿ! ಅರಕೇರಾ ಮಂದಿ ಬಿದ್ದು ಬಿದ್ದು ನಗ್ತಾರ.”

“ನಗಲಿ ಬಿಡು.”

ಮುದುಕ ಚೀಲವನ್ನು ತನ್ನತ್ತ ಎಳೆದುಕೊಂಡ.

“ನಾ ಸುಟ್ಟಿದ್ದರಾಗ ಮುಳ್ಳು ಉಳಿದು ಗೌರಿ ನಾಲಿಗಿಗೆ ಚುಚ್ಚಿತಲ್ಲ, ಅದಕ್ಕ ತಂದಿಯೇನು?”

“ಯಾರು ಸುಟ್ರೂ ಒಂದೆರಡು ಉಳಿತಾವ.”

“ನನಗ ಮುಳ್ಳು ಕಾಣವಲ್ಲವು, ಶೇಖಮ್ಮ. ಮೇವು ಹಾಕಾಕ ಕೈ ಅಂಜತದ.”

“ನನಗ ಗೊತ್ತದ. ಅದಕ್ಕs ಕಣ್ಣು ಬ್ಯಾಡದ ಮೇವು ಹುಡುಕಿ ತಂದೀನಿ. ಕೈಲೆ ಸವರಿ ನೋಡು.”

ಅವನು ಚೀಲದಿಂದ ಒಂದು ಎಲೆ ತೆಗೆದು, ಎರಡೂ ಮಗ್ಗುಲನ್ನು ಮೆಲ್ಲಗೆ ಸವರಿದ.

“ಬೆಳಿಯಾಕ ಎರಡು ಮಳಿಗಾಲ ಬೇಕಲ್ಲ?”

“ಅಲ್ಲಿತನಕ ನಾ ಸುಟ್ಟು ಕೊಡ್ತೀನಿ. ತಿನಿಸೂದು ಮಾತ್ರ ನೀನs. ನಾ ಹಾಕಿದ್ರ ಅದು ಬಾಯಿ ಹಚ್ಚದ ನಿನ್ನ ದಾರಿ ನೋಡ್ತದ.”

“ಚುಚ್ಚಿಸಿದವನ ದಾರಿ ನೋಡ್ತದಂತ, ಹುಚ್ಚು ಎಮ್ಮಿ.”

“ಹೂಂ. ನಿನ್ನ ಸಾಕಿದಾಕಿಗೂ ಹುಚ್ಚs.”

ಅರಕೇರಾ ಬಂತು. ಇಬ್ಬರೂ ಎದ್ದು ಹಿಂದಿನ ಬಾಗಿಲಿನತ್ತ ಬಂದರು. ಎಲ್ಲ ಕೇಳಿಸಿಕೊಂಡಿದ್ದ ಸುಲೋಚನಾಳಿಗೆ ಅವರೊಡನೆ ಏನಾದರೂ ಅನ್ನಬೇಕೆನಿಸಿತು. ಕಾಲು ಸರಿಸಿ ದಾರಿ ಬಿಟ್ಟಳು, ಅಷ್ಟೆ. ಚೀಲ ಹೆಂಡತಿಯ ತಲೆಗೇರಿತು. ಆ ಒಂದು ಎಲೆ ಮಾತ್ರ ಇನ್ನೂ ಅವನ ಕೈಯಲ್ಲೇ ಇತ್ತು.