ಕಾಳವ್ವ ಕಿತ್ತೆಸೆದ ನೆಲನೆಲ್ಲಿ

೧೯೯೧ರ ಶ್ರಾವಣ. ರಾಯಬಾಗದ ನಿಲ್ದಾಣದಲ್ಲಿ ಚಿಕ್ಕೋಡಿ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದ ಬೆಂಚಿನಲ್ಲಿ ಒಬ್ಬ ಮುದುಕಿ ಕೂತಿದ್ದಳು. ಅವಳನ್ನು ಹುಡುಕಿಕೊಂಡು ಒಬ್ಬ ತಾಯಿ ಮಗಳೊಂದಿಗೆ ಬಂದಳು. ಹುಡುಗಿಯ ಕಣ್ಣುಗಳು ಹಳದಿಯಾಗಿದ್ದವು.

“ಕಾಳಕ್ಕ, ಇಕಿಗಿ ಕಾಮಣಿ ಆಗೇತಿ. ನಿನ್ನ ಹಿತ್ತಲದಾಗಿನ ನೆಲನೆಲ್ಲಿ ಅರದು ಕೊಡು.”

“ಎಲ್ಲಾ ಕಿತ್ತು ತಿಪ್ಪಿಗಿ ಒಗದೇನಿ, ಸಾವಿತ್ರಿ.”

“ಯಾಕ? ಊರ ಮಂದಿಗೆಲ್ಲಾ ಕೊಡತಿದ್ದಿ.”

“ನಿನ್ನ ಹಿರೀ ಮಗಳಿಗೂ ಕೊಟ್ಟಿದ್ದೆ. ಉಳೀಲಿಲ್ಲ.”

“ಅದು ಅಕಿ ಹಣೇಬರ. ನಾ ನಿನಗ ಒಂದ ಮಾತರ ಅಂದೇನೇನು?”

“ಅನ್ನಲಿಲ್ಲ. ಬೈದಿದ್ರ ನನಗ ನಿದ್ದಿ ಬರತಿತ್ತು.”

ಸಾವಿತ್ರೆವ್ವ ಮಗಳ ತಲೆ ಸವರಿದಳು.

“ಇಕಿನ್ನ ಮಿರಜ ದವಾಖಾನಿಗಿ ಕರಕೊಂಡು ಹೋಗು,” ಎಂದಳು ಕಾಳವ್ವ.

“ಅವರಪ್ಪ ಒಲ್ಲೆ ಅಂತಾನ. ಕಾಳಕ್ಕನ ಔಷಧ ಇರೂವಾಗ ದವಾಖಾನಿ ಯಾಕಂತ.”

“ಕಾಳಕ್ಕನ ಕಡೆ ಔಷಧ ಇಲ್ಲಂತ ಅವಗ ನಾನ ಹೇಳತೀನಿ. ಏಳು.”

ಮಿರಜ ಬಸ್ಸು ಬಂತು. ಕಾಳವ್ವ ಹುಡುಗಿಯ ಕೈ ಹಿಡಿದು ನಡೆದಳು. ಮೆಟ್ಟಿಲ ಬಳಿ ಸಾವಿತ್ರೆವ್ವ ನಿಂತಳು.

“ಹಿರಿಯಾಕಿನ್ನೂ ಕರಕೊಂಡು ಹೋಗಿದ್ರ ಉಳೀತಿದ್ಲೇನ, ಅಕ್ಕಾ?”

ಕಾಳವ್ವ ಅವಳ ರಟ್ಟೆ ಹಿಡಿದು ಮೇಲೆ ಹತ್ತಿಸಿದಳು. ಒಳಗೆ ತಾಯಿ-ಮಗಳಿಬ್ಬರನ್ನೂ ಕೂರಿಸಿದಳು. ಪಕ್ಕದಲ್ಲಿ ಜಾಗವಿದ್ದರೂ ತಾನು ಕೂರಲಿಲ್ಲ. ಕಂಬಿ ಹಿಡಿದು ನಿಂತಿದ್ದ ಅವಳನ್ನು ಹೊತ್ತು ಬಸ್ಸು ಹೊರಟಿತು.