ಮ್ಯೂಸಿಯಮ್ಮಿನ ಮಾಸ್ತಿಕಲ್ಲು

ಮಾಸ್ತಿಕಲ್ಲಿಗೆ ಬೆನ್ನು ತೋರಿಸಬಾರದು. ಗಂಡನ ಚಿತೆಯಲ್ಲಿ ಸುಟ್ಟುಹೋದ ಹೆಣ್ಣಿನ ಕಲ್ಲು ಅದು; ಬಳೆ ತೊಟ್ಟ ಒಂದು ಕೈ ಮೇಲೆತ್ತಿರುತ್ತದೆ. ಕೊತ್ತಗೆರೆ ಕಡೆಯವರು ಅರಿಸಿನ ಕುಂಕುಮ ಇಟ್ಟು ಹಿಂದು ಹಿಂದಕ್ಕೇ ಹೆಜ್ಜೆ ಇಡುತ್ತ ಬರುತ್ತಾರೆ. ಹೋದ ವರ್ಷ ಹನ್ನೊಂದು ಜನ ಓದಿದವರು ಒಟ್ಟಿಗೆ ಈ ನಿಯಮ ಮುರಿದೆವು. ಅವರಲ್ಲಿ ನಾನೂ ಒಬ್ಬ, ಮುಚ್ಚಿಡುವುದಿಲ್ಲ.

ಕುಣಿಗಲ್ಲಿನ ಒಂದು ಹಳೇ ಛತ್ರವನ್ನು ಊರವರೇ ಸೇರಿ ಇತಿಹಾಸ ಮ್ಯೂಸಿಯಂ ಮಾಡಿದೆವು. ಉಸ್ತುವಾರಿ ನನ್ನ ಚಿಕ್ಕಪ್ಪನ ಮಗ ರೇಣುಕಾಪ್ರಸಾದನದು. ಕೊತ್ತಗೆರೆಯ ಹೊಲದ ಬದುವಿನಿಂದ ಕಲ್ಲನ್ನು ಟ್ರಾಕ್ಟರಿನಲ್ಲಿ ತರಿಸಿ, ನಡುಹಾಲಿನಲ್ಲಿ ನಿಲ್ಲಿಸಿ, ಬೋರ್ಡ್ ಬರೆಸಿದ: ‘ಸ್ವಇಚ್ಛೆಯಿಂದ ಅಗ್ನಿಪ್ರವೇಶ ಮಾಡಿದ ಮಹಾಸತಿ.’ ಇದಕ್ಕೆ ಆಧಾರವೇನು ಎಂದು ನಾನು ಕೇಳಬೇಕಿತ್ತು. ಕೇಳಲಿಲ್ಲ.

ಉದ್ಘಾಟನೆಯ ದಿನ ಕಲ್ಲಿನ ಮುಂದೆ ಗ್ರೂಪ್ ಫೋಟೋ. ಕಸ ಗುಡಿಸುವ ಚಿಕ್ಕಮಾರಮ್ಮ ಕೊತ್ತಗೆರೆಯವರು. ಕರೆದರೆ ಬರಲಿಲ್ಲ.

“ನಾ ಬರಾಕಿಲ್ಲ ಸಾ. ಅವ್ಳನ್ನ ಹಿಂದ್ಗಡೆಯಿಂದ ತಳ್ಳಿದ್ರಂತೆ, ಬೆಂಕಿಗೆ. ಬೆನ್ನು ಕೊಟ್ಟೋರ್ನ ಅವ್ಳೂ ತಳ್ತಾಳೆ.”

“ತಳ್ಳಲಿ ಬುಡು, ಮುಂದಿನ ಸಾಲಲ್ಲಿ ಚೇರ್ ಸಿಗುತ್ತೆ,” ಎಂದರು ಅಕ್ಕಿ ಗಿರಣಿಯ ಚನ್ನವೀರಯ್ಯ. ಎಲ್ಲರೂ ನಕ್ಕೆವು. ಆ ನಗು ಫೋಟೋದಲ್ಲಿದೆ.

ಒಂಬತ್ತನೇ ದಿನ ಚನ್ನವೀರಯ್ಯ ಬಚ್ಚಲೊಲೆಗೆ ಮುಖ ಕೆಳಗಾಗಿ ಬಿದ್ದರು. ಆಸ್ಪತ್ರೆಯಲ್ಲಿ ಆಡಿದ್ದು ಒಂದೇ ಮಾತು: “ಯಾರೋ ತಳ್ಳಿದ್ರು...” ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಮೂರು ದಿನಕ್ಕೆ ತೀರಿಕೊಂಡರು.

ಅವರ ಶಿವಗಣಾರಾಧನೆಯ ಮಾರನೇ ದಿನ. ರಾತ್ರಿ ಒಂಬತ್ತೂಕಾಲು. ರೇಣುಕಾಪ್ರಸಾದ್ ಮ್ಯೂಸಿಯಂಗೆ ಬೀಗ ಹಾಕಿ ಮನೆಗೆ ನಡೆದು ಬರುತ್ತಿದ್ದ. ಕೆರೆ ಏರಿಯ ಆಲದ ಮರದಡಿ ಯಾರೋ ತರಗೆಲೆ ಗುಡ್ಡೆ ಮಾಡಿ ಬೆಂಕಿ ಹಾಕಿದ್ದರು. ಚಟ್... ಚಟ್... ಎಲೆ ಸಿಡಿಯುತ್ತಿತ್ತು. ಅದರ ನಡುವೆ ಇನ್ನೊಂದು ಸದ್ದು. ಕಟಕ್... ಕಟಕ್... ಗಾಜಿನ ಬಳೆಯದಲ್ಲ. ಕಲ್ಲಿಗೆ ಕಲ್ಲು ತಾಗುವ ಸದ್ದು. ಬೆನ್ನ ಹಿಂದೆ.

ನಿಂತ. ಅದೂ ನಿಂತಿತು.

“ಯಾರು?”

ಪಿಸುಮಾತು ಬಂದದ್ದು ಕಿವಿಯ ಹತ್ತಿರದಿಂದಲ್ಲ... ಸೊಂಟದ ಎತ್ತರದಿಂದ.

“ನೀನಾಗೇ ಹೋಗ್ತೀಯಾ...?”

ಆಮೇಲೆ ಬೆನ್ನಿಗೆ ಕೈ ಬಿತ್ತು.

ಬಿದ್ದವನ ಎರಡೂ ಅಂಗೈ ಊರಿದ್ದು ಬೆಂಕಿಯಲ್ಲೇ. ಆಸ್ಪತ್ರೆಯಲ್ಲಿ ಅಂಗಿ ಬಿಚ್ಚಿಸಿದವನು ನಾನು. ಬೆನ್ನಿನ ಕಡೆ ಬಟ್ಟೆ ಸುಟ್ಟು ಐದು ಬೆರಳಿನ ಗುರುತು ಮೂಡಿತ್ತು. ಅವನು ಬಿದ್ದದ್ದು ಬೋರಲಾಗಿ. ಸ್ಕೇಲ್ ಇಟ್ಟು ಅಳೆದೆ: ಅಂಗೈ ಅಗಲ ಎರಡೂವರೆ ಇಂಚು. ಒಂಬತ್ತು ಹತ್ತು ವರ್ಷದ ಹುಡುಗಿಯ ಕೈ. ಅಂಗಿ ನನ್ನ ಬೀರುವಿನಲ್ಲಿದೆ. ನಂಬದವರು ಬಂದು ನೋಡಬಹುದು.

ಎಂಟು ದಿನದ ಮೇಲೆ, ಬ್ಯಾಂಡೇಜ್ ಸುತ್ತಿದ ಕೈಯಲ್ಲೇ, ಅವನು ನನ್ನನ್ನು ಮ್ಯೂಸಿಯಂಗೆ ಕರೆದುಕೊಂಡು ಹೋದ. ತಟ್ಟೆ, ಕಾಯಿ, ಕರ್ಪೂರ. ಅವನ ಕೈಲಾಗದು, ಕಡ್ಡಿ ಗೀರಿದವನು ನಾನು. ಹಾಲು ಗುಡಿಸುತ್ತಿದ್ದ ಚಿಕ್ಕಮಾರಮ್ಮನನ್ನು ಅವನು ಹತ್ತಿರ ಕರೆದ.

“ಚಿಕ್ಕಮಾರಮ್ಮ, ನಿಮ್ಮೂರೋಳು... ನೀನೇ ಬೆಳಗು. ತಪ್ಪಾಯ್ತು ಅಂತ ನೀನೇ ಹೇಳು. ನನ್ನ ಬಿಟ್ಬಿಡು ಅನ್ನು. ನಂದಿತಾಗಿನ್ನೂ ಆರು ವರ್ಷ ಕಣಮ್ಮ.” ನಂದಿತಾ ಅವನ ಮಗಳು.

ಚಿಕ್ಕಮಾರಮ್ಮ ಉರಿ ನೋಡಿದರು. ಕಲ್ಲು ನೋಡಿದರು.

“ಇನ್ನೂ ಬೆಂಕೀನೇ ತೋರಿಸ್ತೀರಾ ಸಾ, ಆ ಮಗೀಗೆ?”

ಅಂಗಿಯ ಮೇಲಿನ ಪುಟ್ಟ ಕೈಯ ವಿಷಯ ನಾವು ಆಕೆಗೆ ಹೇಳಿರಲಿಲ್ಲ.

ಕಟಕ್... ಹಾಲಿನಲ್ಲಿ ನಾವು ಮೂವರೇ. ಅಲುಗಾಡಿದವರು ಯಾರೂ ಇಲ್ಲ. ನನ್ನ ಎರಡು ಕಿವಿಯಲ್ಲಿ ಕೇಳಿದ್ದೇನೆ. ಯಾವ ಆಣೆ ಬೇಕಾದರೂ ಇಡುತ್ತೇನೆ.

“ಬೇಡ್ಕೋ ಚಿಕ್ಕಮಾರಮ್ಮ...” ರೇಣುಕಾಪ್ರಸಾದ್ ಅಳುತ್ತಿದ್ದ.

“ನಾನ್ಯಾಕ್ ಬೇಡ್ಲಿ? ಅವ್ಳ ಕ್ವಾಪ ಸುಳ್ಳಾ?”

ತಟ್ಟೆಗೆ ಆಕೆ ಕೈ ಒಡ್ಡಲಿಲ್ಲ. ಉರಿಯುತ್ತಿದ್ದ ಕರ್ಪೂರವನ್ನು ಬರೀ ಎರಡು ಬೆರಳಲ್ಲಿ ಹೊಸಕಿ ಆರಿಸಿದರು.